ಮಾಹಿಮಿನ ಸಿಹಿನೀರು

ಪವಾಡಗಳ ಕಾಲವು ಮುಗಿದುಹೋಯಿತೆನ್ನುವವರು 2006ನೆಯ ಇಸವಿಯ ಆಗಸ್ಟ್ 18ರ ರಾತ್ರಿ ಮುಂಬಯಿಯ ಮಾಹಿಮ್ ಅಳಿವೆಯ ದಂಡೆಯನ್ನು ನೋಡಬೇಕಾಗಿದ್ದಿತು. ಕಡಲ ನೀರು ಸಿಹಿಯಾಗಿದೆಯೆಂಬ ಸುದ್ದಿ ಹಬ್ಬಿದೊಡನೆ ಜನರು ತಂಡತಂಡವಾಗಿ ಬಂದು, ಬೊಗಸೆಯಲ್ಲಿ ಕುಡಿದು, ಸೀಸೆಗಳಲ್ಲಿ ತುಂಬಿಕೊಂಡು ಹೋದರು; ಮಕ್ಕಳಿಗೂ ಕುಡಿಸಿದರು. ಸಮೀಪದಲ್ಲಿ ದರ್ಗಾ ಇರುವ ಮಖ್ದೂಮ್ ಅಲಿ ಮಾಹಿಮಿಯವರ ಮಹಿಮೆಯಿದೆಂದು ಭಾವುಕರು ನಂಬಿದರು. ನಗರದ ಚರಂಡಿ ನೀರೂ ಕಾರಖಾನೆಗಳ ಹೊಲಸೂ ಬಂದು ಬೀಳುವ ಅಳಿವೆ ಅದು. ಕುಡಿಯಬೇಡಿರೆಂದು ಮಾಲಿನ್ಯ ನಿಯಂತ್ರಣ ಮಂಡಲಿಯವರು ಎಚ್ಚರಿಸಿದರೂ ಕೇಳುವವರಾರು?

ನಡೆದುದಾದರೂ ಏನು? ಅದು ಮಳೆಗಾಲ. ಮಾಹಿಮಿನಲ್ಲಿ ಕಡಲನ್ನು ಸೇರುವ ಹೊಳೆಯ ಹೆಸರೇ ಮೀಠಿ, ಎಂದರೆ ಸಿಹಿ. ಮಳೆಯ ನೀರು ಉಪ್ಪು ನೀರಿಗಿಂತ ಹಗುರವಾದುದರಿಂದ ಒಡನೆಯೇ ಬೆರೆಯದೆ ಮೇಲೆ ತೇಲುತ್ತದೆ; ಬೊಗಸೆಗೆ ಸಿಕ್ಕುವುದು ಆ ಮೇಲಿನ ಪದರವೇ. ನಾವೂ ಸಿಹಿನೀರೆನ್ನುವುದು ಸಕ್ಕರೆ ಬೆರಸಿದುದನ್ನಲ್ಲ, ಉಪ್ಪಿಲ್ಲದುದನ್ನು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಈ ಭೇದವು ಅಳಿಸಿಹೋಯಿತು. ಮರುದಿನ ಮಧ್ಯಾಹ್ನದ ವೇಳೆಗೆ ನೀರು ಪುನಃ ಉಪ್ಪಾಗಿದ್ದಿತು.

ಬದನೆಕಾಯಿಯನ್ನು ಕೊಯ್ದಾಗ ಬೀಜಗಳ ಸಾಲಿನಲ್ಲಿ ಅಲ್ಲಾಹನ ನಾಮವು ಕಂಡಿತೆಂಬ ವಾರ್ತೆಗಳೂ ಆಗಾಗ ಬರುತ್ತವೆ. ಅರಬ್ಬಿಯಲ್ಲಿ ಆ ಹೆಸರು ಕೆಲವು ನೆಟ್ಟನೆಯ ಗೆರೆ, ತುದಿಯಲ್ಲೊಂದು ಸುರುಳಿ, ಅಷ್ಟೆ. ಅರಸುವ ಕಣ್ಣಿಗೆ ಅದು ತರಕಾರಿಯಲ್ಲಿಯೂ ಮೋಡದಲ್ಲಿಯೂ ಸಿಕ್ಕೀತು. ಇದನ್ನೋದಿ ನಗುವ ಹಿಂದೂ ಗೃಹಸ್ಥರು, 1995ನೆಯ ಸೆಪ್ಟೆಂಬರ್ 21ರಂದು ಗಣಪತಿಗೆ ಹಾಲು ಕುಡಿಸಲು ನಿಂತ ಸಾಲುಗಳನ್ನು ನೆನೆದುಕೊಂಡರೆ ಒಳಿತು. ಮಾಹಿಮಿನ ಸುದ್ದಿ ಆರುವ ಮೊದಲೇ, ಅದೇ ಆಗಸ್ಟಿನಲ್ಲಿ, ಆ ಹಾಲಿನ ಕಥೆಯೂ ಮರಳಿ ಹುಟ್ಟಿತು.

ಇಂತಹ ಸಂಶಯವು ಇಸ್ಲಾಮಿಗೆ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಮಖ್ದೂಮ್ ಮಾಹಿಮಿಯವರೇ ಕುರಾನಿಗೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದ ಪಂಡಿತರು. ನೀರಿಗಾಗಿ ಓಡಿದವರಲ್ಲಿ ಆ ಗ್ರಂಥವನ್ನು ತೆರೆದವರೆಷ್ಟು ಮಂದಿಯೋ! ಪೈಗಂಬರರ ಎಳೆಯ ಮಗ ಇಬ್ರಾಹೀಮನು ತೀರಿಕೊಂಡ ದಿನ ಸೂರ್ಯಗ್ರಹಣವಾಯಿತೆಂದೂ, ಆಕಾಶವೇ ಶೋಕಿಸಿತೆಂದು ಜನರು ಆಡಿಕೊಂಡರೆಂದೂ ಹದೀಸು ಗ್ರಂಥಗಳಲ್ಲಿದೆ. ಸುಮ್ಮನಿದ್ದಿದ್ದರೆ ಪವಾಡವು ತಾನಾಗಿಯೇ ಅವರದಾಗುತ್ತಿದ್ದಿತು. ಮಗನನ್ನು ಮಣ್ಣು ಮಾಡಿದ ಆ ತಂದೆಯು, ಗ್ರಹಣಕ್ಕೂ ಮನುಷ್ಯರ ಹುಟ್ಟುಸಾವುಗಳಿಗೂ ಸಂಬಂಧವಿಲ್ಲವೆಂದು ಜನರಿಗೆ ತಿಳಿಯಹೇಳಿದರು.