ಮೊಟ್ಟೆಯೊಳಗೇ ಮುಗಿಯುವ ರೂಪಾಂತರ

ನೀರು, ಗೊದಮೊಟ್ಟೆ, ಆಮೇಲೆ ಕಪ್ಪೆ ಎಂಬ ಕ್ರಮವನ್ನೇ ಶಾಲೆಯಲ್ಲಿ ಕಲಿತ ನಮಗೆ, ಪ್ಯೂರ್ಟೊರಿಕೊ ದ್ವೀಪದ ಕೊಕೀ ಎಂಬ ಪುಟ್ಟ ಮರಗಪ್ಪೆಯು ತರಗೆಲೆಗಳ ನಡುವೆ ಮೊಟ್ಟೆಯಿಟ್ಟು, ಅದರೊಳಗಿಂದಲೇ ಸಾಂಗೋಪಾಂಗವಾದ ಮರಿಗಪ್ಪೆಯನ್ನು ಹೊರತರುವ ಸಂಗತಿಯು ವಿಸ್ಮಯಕರವಾಗಿ ತೋರದಿರದು. ಸುಮಾರು 3.5 ಮಿಲಿಮೀಟರ್ ವ್ಯಾಸದ ಆ ಅಂಡದಲ್ಲಿ ಹಳದಿ ಭಾಗವು ದಾರಿಬುತ್ತಿಯಂತೆ ಯಥೇಚ್ಛವಾಗಿ ತುಂಬಿರುವುದರಿಂದ ಭ್ರೂಣಕ್ಕೆ ಕೊಳದ ಹಂಗಿಲ್ಲ. ಕೈಕಾಲುಗಳ ಅಂಕುರಗಳು ಬಹುಬೇಗ ಮೂಡುತ್ತವೆ. ರಕ್ತನಾಳಗಳು ಹೆಣೆದುಕೊಂಡ ತೆಳುಬಾಲವೇ ಉಸಿರಾಟಕ್ಕೆ ಒದಗುತ್ತದೆ. ಗೊದಮೊಟ್ಟೆಯನ್ನು ಕಪ್ಪೆಯಾಗಿಸುವ ಥೈರಾಯ್ಡ್ ಹಾರ್ಮೋನು ಇಲ್ಲಿಯೂ ಕಾರ್ಯಪ್ರವೃತ್ತವಾಗಿರುವುದರಿಂದ, ರೂಪಾಂತರವು ಮರೆಯಲ್ಲಿ ನಡೆಯುತ್ತದೆಂದೇ ನನ್ನ ಎಣಿಕೆ. ಮೊಟ್ಟೆಗಳನ್ನು ಕಾಯುವ ಭಾರವೆಲ್ಲ ಗಂಡಿನದು! ಸುಮಾರು 3 ವಾರಗಳಲ್ಲಿ, ಮೂತಿಯ ಮೇಲಿನ ಪುಟ್ಟ ಹಲ್ಲಿನಿಂದ ಪೊರೆಯನ್ನು ಸೀಳಿ ಮರಿಯು ಹೊರಬೀಳುವುದು. ನಮ್ಮ ಪಶ್ಚಿಮ ಘಟ್ಟಗಳ ಪೊದೆಗಪ್ಪೆಗಳೂ ಗೊದಮೊಟ್ಟೆಯ ಅವಸ್ಥೆಯಿಲ್ಲದೆಯೇ ಹುಟ್ಟುತ್ತವೆ.