ನಿಧಿ, ದರೋಡೆಕೋರ ಮತ್ತು ಕಲ್ಯಾಣದ ಧರ್ಮಶಾಸ್ತ್ರ

ಹೂತಿಟ್ಟ ಹೊನ್ನನ್ನು ಅರಸುತ್ತ ಅಲೆಯುವ ದರೋಡೆಕೋರನ ಕಥೆಯು ಚಲನಚಿತ್ರಗಳಲ್ಲಿ ಬಹುಕಾಲದಿಂದ ಪರಿಚಿತವಾದುದು. ಅಮೆರಿಕದ ಪಶ್ಚಿಮ ಪ್ರಾಂತಗಳನ್ನು ಕುರಿತ ‘ವೆಸ್ಟರ್ನ್’ ಚಿತ್ರಗಳಲ್ಲಿ ಬೆಳೆದ ಈ ವಸ್ತುವು ವಿನೋದಮಯ ರೂಪದಲ್ಲಿ ಕನ್ನಡಕ್ಕೂ ಬಂದಿದೆ. ಸಚಿನ್ ರವಿಯವರು ನಿರ್ದೇಶಿಸಿದ, 2019ರ ಡಿಸೆಂಬರಿನಲ್ಲಿ ತೆರೆಕಂಡ ‘ಅವನೇ ಶ್ರೀಮನ್ನಾರಾಯಣ’ವು ಇದಕ್ಕೆ ನಿದರ್ಶನ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಚಲನಚಿತ್ರದ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ನೆಲದಲ್ಲಿ ದೊರೆತ ನಿಧಿಯು ಯಾರದು ಎಂಬ ಪ್ರಶ್ನೆಯನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣದಲ್ಲಿಯೇ ವಿಚಾರಿಸಲಾಗಿತ್ತು ಎಂಬುದೇ ನಮ್ಮ ಉತ್ತರ.

ಮೊದಲು ಚಿತ್ರವನ್ನು ನೋಡೋಣ. ಅಮರಾವತಿಯೆಂಬ ಕಲ್ಪಿತ ಊರು. ಅಲ್ಲಿ ಅಭೀರರೆಂಬ ದರೋಡೆಕೋರರ ಕುಲ. ನಾಟಕ ಮಂಡಳಿಯೊಂದರ ಕೈಸೇರಿದ ಲೂಟಿಯು ಮರೆಯಾಗಿದೆ, ಬಲ್ಲವರು ಬದುಕಿಲ್ಲ. ಜಯರಾಮ, ತುಕಾರಾಮರೆಂಬ ಇಬ್ಬರು ಅಭೀರರ ನಡುವೆ ಅಧಿಕಾರಕ್ಕಾಗಿ ಸ್ಪರ್ಧೆ. ರಕ್ಷಿತ್ ಶೆಟ್ಟಿಯವರು ಅಭಿನಯಿಸಿದ ಪೊಲೀಸ್ ಅಧಿಕಾರಿ ನಾರಾಯಣನಿಗೂ ಆ ಸಂಪತ್ತಿನ ಮೇಲೆ ಕಣ್ಣು. ಪ್ರತಿಯೊಬ್ಬನೂ ತಾನು ತಿಳಿದುದನ್ನು ಇತರರಿಂದ ಮುಚ್ಚಿಡುತ್ತಾನೆ. ನಗೆಯು ಹುಟ್ಟುವುದು ಈ ಮುಚ್ಚುಮರೆಯಿಂದಲೇ. ಇಟಲಿಯ ಸೆರ್ಜಿಯೊ ಲಿಯೋನೆಯವರ 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯಲ್ಲಿಯೂ ಇದೇ ಬಗೆ. ಹೊನ್ನು ಇರುವ ಸ್ಮಶಾನವನ್ನು ಬಲ್ಲವನು ಒಬ್ಬ, ಗೋರಿಯ ಹೆಸರನ್ನು ಬಲ್ಲವನು ಇನ್ನೊಬ್ಬ. ಆದುದರಿಂದಲೇ ಒಬ್ಬನು ಇನ್ನೊಬ್ಬನನ್ನು ಕೊಲ್ಲಲಾರ.

ಇನ್ನು ಕಲ್ಯಾಣದ ಮಾತು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರಲ್ಲಿ ನಿಧಿಯ ವಿಚಾರವೂ ಬರುತ್ತದೆ. ದೊರೆಗೆ ನಿಧಿ ದೊರೆತರೆ ಅರ್ಧವನ್ನು ಬ್ರಾಹ್ಮಣರಿಗೆ ಕೊಡಬೇಕು. ವಿದ್ವಾಂಸನಾದ ಬ್ರಾಹ್ಮಣನಿಗೆ ದೊರೆತರೆ ಅವನೇ ಪೂರ್ಣವಾಗಿ ಇಟ್ಟುಕೊಳ್ಳಬಹುದು. ಇತರರಿಗೆ ದೊರೆತರೆ, ವಿಜ್ಞಾನೇಶ್ವರನ ಅರ್ಥದಂತೆ, ಆರನೆಯ ಒಂದು ಪಾಲು ಅವರಿಗೆ, ಉಳಿದುದು ದೊರೆಗೆ. ವರ್ಣಭೇದವು ಈ ನಿಯಮದಲ್ಲಿ ಸ್ಪಷ್ಟವಾಗಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೊನೆಯ ವಿಧಿಯು ವಿಶೇಷವಾಗಿ ಗಮನಾರ್ಹ. ದೊರೆತುದನ್ನು ಅರಿಕೆ ಮಾಡದೆ ಬಚ್ಚಿಟ್ಟವನು ಸಿಕ್ಕಿಬಿದ್ದರೆ ನಿಧಿಯನ್ನೂ ಒಪ್ಪಿಸಬೇಕು, ದಂಡವನ್ನೂ ತೆರಬೇಕು. ಬ್ರಿಟಿಷ್ ಸರಕಾರದ 1878ರ ನಿಧಿ ಕಾಯಿದೆಯೂ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಪಾಲಿನ ಲೆಕ್ಕ ಬದಲಾದರೂ ತಿಳಿಸುವ ಕರ್ತವ್ಯ ಬದಲಾಗಲಿಲ್ಲ. ನಿಧಿ ಪಡೆದವನಿಗೂ ಕಳ್ಳನಿಗೂ ಇರುವ ಅಂತರವು ಈ ಅರಿಕೆಯೊಂದೇ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಬಸವಕಲ್ಯಾಣದ ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ. ಇಂತಹ ಗುಡಿಗಳ ಅಡಿಯಲ್ಲಿ ಕೊಪ್ಪರಿಗೆ ಹೊನ್ನು ಇದೆಯೆಂಬ ನಂಬಿಕೆಯಿಂದ ನಾಡಿನ ಎಷ್ಟೋ ಪಾಳುಗುಡಿಗಳಲ್ಲಿ ಗರ್ಭಗೃಹದ ನೆಲವನ್ನು ಅಗೆದಿದ್ದಾರೆ, ಲಿಂಗಪೀಠಗಳನ್ನು ಕಿತ್ತಿದ್ದಾರೆ. ಹೀಗೆ ಅಗೆದವರಿಗೆ ಹೊನ್ನು ಸಿಕ್ಕಲಿ, ಸಿಕ್ಕದಿರಲಿ, ಇತಿಹಾಸಕ್ಕೆ ನಷ್ಟವು ನಿಶ್ಚಿತ. ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ನಾಣ್ಯವು ದೊರೆಯಿತೆಂಬ ಸಂಗತಿ ಒಮ್ಮೆ ಅಳಿದರೆ ಮರಳಿ ಬಾರದು.

ತೆರೆಯ ಮೇಲಿನ ದರೋಡೆಕೋರನ ಆಶೆಗೆ ನಾವು ನಗಬಹುದು; ಅಲ್ಲಿ ಕೆಡುವುದು ಕಟ್ಟಿದ ಊರು ಮಾತ್ರ. ಇಲ್ಲಿ ಕೆಡುವುದು ಮತ್ತೆ ಕಟ್ಟಲಾಗದ ಕಲ್ಲು. ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ವಸ್ತುವೊಂದು ಕಂಡರೆ, ಅದನ್ನು ಇದ್ದಲ್ಲಿಯೇ ಬಿಟ್ಟು ಅಧಿಕಾರಿಗಳಿಗೆ ತಿಳಿಸುವುದೇ ಕಲ್ಯಾಣದ ಹಳೆಯ ನ್ಯಾಯವೂ ಇಂದಿನ ವಿವೇಕವೂ ಆಗಿದೆ.