ಸಾಕ್ಷಿಗೆ ಬಂದ ಬಾಲಕನಿಗೆ ಅನ್ನ

ಅನ್ನದಾನದಲ್ಲಿ ನಮ್ಮ ನಾಡು ಹಿಂದೆಬಿದ್ದುದಲ್ಲ. ದೇವಾಲಯಗಳಲ್ಲಿ ಪಂಕ್ತಿಗಳು ನಡೆಯುತ್ತವೆ, ಮಠಗಳಲ್ಲಿ ದಾಸೋಹವುಂಟು, ಜಾತ್ರೆಯ ದಿನ ಬಡ ಗೃಹಸ್ಥನೂ ದಾರಿಹೋಕರಿಗೆ ನೀರುಮಜ್ಜಿಗೆ ಪಾನಕಗಳನ್ನು ಕೊಡುತ್ತಾನೆ. ಆದರೆ ಅನೇಕ ತಾಲ್ಲೂಕು ಪಟ್ಟಣಗಳಲ್ಲಿ ಇರುವ ಒಂದು ಸ್ಥಳಕ್ಕೆ ಬಂದ ಮಕ್ಕಳನ್ನು ಮಾತ್ರ "ಊಟವಾಯಿತೆ?" ಎಂದು ಕೇಳುವವರು ವಿರಳ. ಆ ಸ್ಥಳವೇ ನ್ಯಾಯಸ್ಥಾನ. ಇದನ್ನು ನಾವು ಅರಿತುಕೊಂಡ ಬಗೆ ನಮಗೆ ಹೆಮ್ಮೆಯದಲ್ಲವಾದರೂ ವಾಚಕರ ಮುಂದಿಡುವೆವು.

ನಾವು ಅಧ್ಯಾಪಕವೃತ್ತಿಯಲ್ಲಿದ್ದಾಗ ಎಂಟನೆಯ ತರಗತಿಯ ಬಾಲಕನೊಬ್ಬನಿಗೆ ಸಮನ್ಸು ಬಂದಿತು. ಹೊಲದ ಬದುವಿನ ವಿಷಯವಾಗಿ ನಡೆದ ಹೊಡೆದಾಟವನ್ನು ಅವನು ಕಣ್ಣಾರೆ ಕಂಡಿದ್ದನು. ತಂದೆಯಿಲ್ಲದ ಹುಡುಗ, ತಾಯಿ ಕೂಲಿಗೆ ಹೋಗುವವಳು. ಆದಕಾರಣ ಅವನನ್ನು ಕರೆದೊಯ್ಯುವ ಭಾರವನ್ನು ನಾವು ವಹಿಸಿಕೊಂಡೆವು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹತ್ತು ಗಂಟೆಗೆಲ್ಲ ಅಲ್ಲಿದ್ದೆವು. ಅವನ ಹೆಸರನ್ನು ಕೂಗಿದುದು ಮಧ್ಯಾಹ್ನ ಮೂರೂವರೆಗೆ. ಆ ನಡುವೆ ನಾವು, "ಈಗಲೋ ಆಗಲೋ ಕೂಗಿಯಾರು, ಇಲ್ಲಿಯೇ ಕುಳಿತಿರಪ್ಪ" ಎಂದು ಅವನನ್ನು ಜಗುಲಿಯ ಮೇಲೆ ಕೂರಿಸಿ, ಎರಡು ಸಲ ಹೋಟಲಿಗೆ ಹೋಗಿ ಬಂದೆವು.

ತರಗತಿಯಲ್ಲಿ ಗಂಟಲೆತ್ತಿ ಪಾಠವೊಪ್ಪಿಸುತ್ತಿದ್ದ ಆ ಹುಡುಗ ಕಟಕಟೆಯಲ್ಲಿ ಮೊದಲೆರಡು ಪ್ರಶ್ನೆಗಳಿಗೆ ತಡವರಿಸಿದನು. ಆಮೇಲೆ ಕೇಳಿದುದಕ್ಕೆಲ್ಲ "ಹೌದು ಸ್ವಾಮಿ" ಎಂದನು. ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳಿಗೂ "ಹೌದು" ಎಂದೇ ಅವನ ಉತ್ತರ. ಹೊರಗೆ ಬಂದ ಮೇಲೆ, "ಏನಾಯಿತೋ ನಿನಗೆ? ಬೆಳಿಗ್ಗೆ ಏನು ತಿಂದೆ?" ಎಂದು ಗದರಿಸಿದೆವು. ಅವನು ತಲೆಬಗ್ಗಿಸಿ, "ಏನೂ ಇಲ್ಲ ಮೇಷ್ಟ್ರೇ. ಇವತ್ತು ಇಸ್ಕೂಲಿಗೆ ಹೋಗಿದ್ರೆ ಊಟ ಸಿಕ್ತಿತ್ತು" ಎಂದನು. ಅನ್ನದ ಮಹಿಮೆಯನ್ನು ಹೇಳುವ ಶ್ಲೋಕಗಳನ್ನು ಎಷ್ಟೋ ಮಕ್ಕಳಿಗೆ ಕಂಠಪಾಠ ಮಾಡಿಸಿದ ನಮಗೆ ಆಗ ಮಾತು ಹೊರಡಲಿಲ್ಲ.

ಹುಡುಗನ ಮಾತಿನಲ್ಲಿ ಯೋಚಿಸತಕ್ಕ ವಿಷಯವಿದೆ. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ನೆಯ ಇಸವಿಯ ನವೆಂಬರ್ ೨೮ರಂದು ಆಜ್ಞೆ ಮಾಡಿತು. ಮರುವರ್ಷ ನಮ್ಮ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರದಾಸೋಹವು ಮೊದಲಾಗಿ, ಕ್ರಮೇಣ ಎಲ್ಲೆಡೆಗೂ ಹರಡಿತು. ಕಿರಿಯ ಮಕ್ಕಳ ಊಟದಲ್ಲಿ ೪೫೦ ಕ್ಯಾಲರಿ ಶಕ್ತಿ, ೧೨ ಗ್ರಾಂ ಪ್ರೋಟೀನು. ಆರರಿಂದ ಎಂಟನೆಯ ತರಗತಿಯವರಿಗೆ ೭೦೦ ಕ್ಯಾಲರಿ, ೨೦ ಗ್ರಾಂ ಪ್ರೋಟೀನು ಇರಬೇಕೆಂಬುದು ಕ್ರಮ. ನ್ಯಾಯಾಲಯದ ಆಜ್ಞೆಯಿಂದ ದೊರೆತ ಈ ಊಟವನ್ನು ಮಗುವು ನ್ಯಾಯಾಲಯಕ್ಕೆ ಬಂದ ದಿನವೇ ಕಳೆದುಕೊಳ್ಳುತ್ತದೆ!

ಇದರಿಂದ ಮಗುವಿಗೆ ಮಾತ್ರವೇ ಅಲ್ಲದೆ ನ್ಯಾಯಕ್ಕೂ ಹಾನಿಯುಂಟು. ನಮ್ಮ ಸಾಕ್ಷ್ಯಶಾಸನವು ಸಾಕ್ಷಿಗೆ ಇಷ್ಟೇ ವಯಸ್ಸಾಗಿರಬೇಕೆಂದು ವಿಧಿಸಿಲ್ಲ. ೧೮೭೨ರ ಶಾಸನದಲ್ಲಿದ್ದ ಈ ತತ್ತ್ವವನ್ನು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಅಧಿನಿಯಮವೂ ಉಳಿಸಿಕೊಂಡಿದೆ. ಪ್ರಶ್ನೆಯನ್ನು ಗ್ರಹಿಸಿ ತಕ್ಕ ಉತ್ತರ ಕೊಡಬಲ್ಲನೇ ಎಂಬುದೊಂದೇ ಅಲ್ಲಿ ಪರೀಕ್ಷೆ. ಹೊಟ್ಟೆ ಹಸಿದು ಬುದ್ಧಿ ಮಂಕಾದ ಬಾಲಕನು ಈ ಪರೀಕ್ಷೆಯಲ್ಲಿ ಹೇಗೆ ತೇರ್ಗಡೆಯಾದಾನು? ಅವನ ಒಂದು ತಪ್ಪು "ಹೌದು" ಎಂಬುದರಿಂದ ನಿರಪರಾಧಿಯು ಸೆರೆಗೆ ಹೋಗಬಹುದು, ಅಪರಾಧಿಯು ಮನೆಗೆ ಹೋಗಬಹುದು.

ಶಾಸನಕರ್ತರು ಇದನ್ನು ತೀರ ಮರೆತಿದ್ದಾರೆಂದು ಹೇಳಲಾಗದು. ಕ್ರಿಮಿನಲ್ ಮೊಕದ್ದಮೆಯ ಸಾಕ್ಷಿಗೆ ತಗಲುವ ಯುಕ್ತವಾದ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗುಂಟು. ಲೈಂಗಿಕ ಅಪರಾಧಗಳಿಗೆ ತುತ್ತಾದ ಮಕ್ಕಳ ರಕ್ಷಣೆಗಾಗಿ ೨೦೧೨ರಲ್ಲಿ ಮಾಡಿದ ಶಾಸನದ ೨೦೨೦ರ ನಿಯಮಗಳಲ್ಲಂತೂ, ಆಹಾರ ಬಟ್ಟೆ ಪ್ರಯಾಣ ಮೊದಲಾದವುಗಳಿಗೆ ಮಕ್ಕಳ ಕಲ್ಯಾಣ ಸಮಿತಿಯು ಹಣವನ್ನು ಶಿಫಾರಸು ಮಾಡಬಹುದೆಂದೂ ಅದು ಒಂದು ವಾರದೊಳಗೆ ಸಲ್ಲಬೇಕೆಂದೂ ಹೇಳಿದೆ. ಉದ್ದೇಶವು ಶ್ಲಾಘ್ಯವೇ. ಆದರೆ ನಡುಮಧ್ಯಾಹ್ನದ ಹಸಿವು ವಾರ ಕಾಯುವುದಿಲ್ಲ.

ಹಾಗಾದರೆ ಸಾಕ್ಷಿಗೆ ಕರೆಸಿದವರೇ ಊಟ ಹಾಕಿಸಲೆಂದು ಕೆಲವರು ಹೇಳಿಯಾರು. ಅದು ಅಪಾಯದ ದಾರಿ. ಒಂದು ಪಕ್ಷದವರು ಒಂದು ದೋಸೆ ಕೊಡಿಸಿದರೂ, ಎದುರು ವಕೀಲರು, "ನಿನಗೆ ತಿಂಡಿ ಕೊಡಿಸಿದವರು ಯಾರು?" ಎಂದು ಕೇಳದೆ ಬಿಡರು, ಮಗುವಿನ ನಿಜವಾದ ಮಾತೂ ದೋಸೆಯ ಋಣವೆನಿಸುವುದು. ಆದುದರಿಂದ ಈ ಅನ್ನವು ಯಾವ ಪಕ್ಷಕ್ಕೂ ಸೇರದ ಕೈಯಿಂದಲೇ ಬರಬೇಕು.

ಅಂತಹ ಕೈ ಪ್ರತಿ ಜಿಲ್ಲೆಯಲ್ಲಿಯೂ ಇದೆ. ೧೯೮೭ರ ಶಾಸನದಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ನಡೆಯುವ ಕಾನೂನು ಸೇವಾ ಪ್ರಾಧಿಕಾರವು ಮಕ್ಕಳಿಗೆ, ಅವರ ವರಮಾನವನ್ನು ನೋಡದೆಯೇ, ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ವಕೀಲರನ್ನೇ ಕೊಡುವ ಸಂಸ್ಥೆಗೆ ಒಂದು ತಟ್ಟೆ ಉಪ್ಪಿಟ್ಟು ಭಾರವಾಗದು. ವಕೀಲರ ಸಂಘವೂ ಊರಿನ ಗೃಹಸ್ಥರೂ ಆ ಪ್ರಾಧಿಕಾರದ ಮೂಲಕವೇ ದ್ರವ್ಯವನ್ನೋ ದವಸವನ್ನೋ ಕೊಡಬಹುದು. ಚಿತ್ರಾನ್ನ, ಮೊಸರನ್ನ, ಬಾಳೆಹಣ್ಣು, ಕುಡಿಯುವ ನೀರು: ಇಷ್ಟಾದರೆ ಸಾಕು. ಬಡಿಸುವವರು ಯಾವ ಮೊಕದ್ದಮೆ, ಯಾರ ಕಡೆ ಎಂದು ಕೇಳಬಾರದು. ತಪ್ಪಿನ ಆರೋಪ ಹೊತ್ತು ಬಾಲನ್ಯಾಯ ಮಂಡಳಿಯ ಬಾಗಿಲಿಗೆ ಬರುವ ಮಕ್ಕಳಿಗೂ ಇದೇ ಉಪಚಾರ ಸಲ್ಲಬೇಕು. ಹಸಿವಿಗೆ ಆರೋಪಿ ಸಾಕ್ಷಿಗಳೆಂಬ ಭೇದವಿಲ್ಲವಷ್ಟೆ.

ಇದು ಏರ್ಪಡುವವರೆಗೆ ಗೃಹಸ್ಥರಾದವರು ಮಾಡಬಹುದಾದ ಕೆಲಸವೊಂದುಂಟು. ನೆರೆಮನೆಯ ಮಗುವಿಗೆ ಸಮನ್ಸು ಬಂದಿತೆಂದು ತಿಳಿದರೆ, ಮುಂಜಾನೆ ಹೊರಡುವ ಮೊದಲೇ ಎರಡು ರೊಟ್ಟಿಯನ್ನು ತಿನ್ನಿಸಿ, ಇನ್ನೆರಡನ್ನು ಬುತ್ತಿ ಕಟ್ಟಿ, ಅದರ ತಾಯಿಯ ಕೈಗೆ ಕೊಡಿರಿ. ಆ ದಿನ ನಮ್ಮ ಕೈಚೀಲದಲ್ಲಿ ಕನ್ನಡಕ, ವೃತ್ತಪತ್ರಿಕೆ, ಕೊಡೆ ಎಲ್ಲವೂ ಇದ್ದವು, ಬುತ್ತಿಯೊಂದು ಇರಲಿಲ್ಲ.